ರಾಸ್ಪ್‌ಬೆರಿ ಪೈ 4ರ 40 ಪಿನ್‌ಗಳಲ್ಲಿ ಯಾವುದು ಏನು? 5 ವೋಲ್ಟ್ ಸೆನ್ಸರನ್ನು ನೇರವಾಗಿ ಜೋಡಿಸಬಹುದಾ?

ನೇರವಾಗಿ ಬೇಡ. ಪುಟ್ಟ ಕಂಪ್ಯೂಟರ್ ಬೋರ್ಡ್ ಆದ ಪೈನ ಜಿಪಿಐಒ (ಸಿಗ್ನಲ್ ಕೊಡಲು-ಪಡೆಯಲು ಬಳಸುವ) ಪಿನ್‌ಗಳೆಲ್ಲ 3.3 ವೋಲ್ಟಿನವು. ಅವಕ್ಕೆ 5 ವೋಲ್ಟ್ ಸಿಗ್ನಲ್ ಕೊಟ್ಟರೆ ಚಿಪ್ಪೇ ಸುಟ್ಟುಹೋಗಬಹುದು.

ಮೊದಲು 1ನೇ ಪಿನ್ ಹುಡುಕಿಕೊಳ್ಳಿ. ಯುಎಸ್‌ಬಿ ಪೋರ್ಟುಗಳಿಂದ ದೂರದ ತುದಿಯಲ್ಲಿ, ಒಳಗಿನ ಸಾಲಿನಲ್ಲಿರುತ್ತದೆ. ಬೋರ್ಡ್ ತಿರುಗಿಸಿ ನೋಡಿ, ಅದೊಂದರ ಬೆಸುಗೆ ಮಾತ್ರ ಚೌಕಾಕಾರವಾಗಿದೆ. ಒಳಸಾಲಿನಲ್ಲಿ ಬೆಸ ಸಂಖ್ಯೆ, ಅಂಚಿನ ಸಾಲಿನಲ್ಲಿ ಸಮ ಸಂಖ್ಯೆ.

1 ಮತ್ತು 17 ಅಂದರೆ 3.3 ವೋಲ್ಟ್ ಪವರ್. 2 ಮತ್ತು 4 ಅಂದರೆ 5 ವೋಲ್ಟ್. ಗ್ರೌಂಡ್ ಎಂಟು ಕಡೆ ಇದೆ, 6 ಮತ್ತು 9 ಕೈಗೆ ಹತ್ತಿರ. ಎರಡೇ ವೈರಿನಲ್ಲಿ ಸೆನ್ಸರ್ ಜೊತೆ ಮಾತಾಡುವ ಐ2ಸಿಗೆ 3 ಮತ್ತು 5. ಇವೆರಡಕ್ಕೆ ಪುಲ್-ಅಪ್ ರೆಸಿಸ್ಟರ್ (ವೈರನ್ನು 3.3 ವೋಲ್ಟಿಗೆ ಎಳೆದು ಹಿಡಿಯುವುದು) ಬೋರ್ಡಿನಲ್ಲೇ ಇರುವುದರಿಂದ ಬೇರೆ ಹಾಕಬೇಕಿಲ್ಲ. ಸೀರಿಯಲ್‌ಗೆ 8 ಡೇಟಾ ಕಳಿಸುವುದು, 10 ಪಡೆಯುವುದು. ಚಿಪ್ಪುಗಳ ಜೊತೆ ವೇಗವಾಗಿ ಡೇಟಾ ಹಂಚಿಕೊಳ್ಳುವ ಎಸ್‌ಪಿಐ 19, 21, 23, 24, 26ರಲ್ಲಿ. 27, 28 ಪೈ ಮೇಲೆ ಕೂರಿಸುವ ಹ್ಯಾಟ್ ಬೋರ್ಡ್ ಗುರುತಿಸಲು ಮೀಸಲು, ಸುಮ್ನೆ ಬಿಟ್ಟುಬಿಡಿ.

ಇಲ್ಲೊಂದು ಗೊಂದಲ ಜಾಸ್ತಿ. ಜಿಪಿಐಒ 2 (ಇದು ಚಿಪ್ಪಿನ ಲೆಕ್ಕದ ಸಂಖ್ಯೆ) ಅಂದರೆ 2ನೇ ಪಿನ್ ಅಲ್ಲ, 3ನೇ ಪಿನ್! 2ನೇ ಪಿನ್ನಿನಲ್ಲಿ ಇರುವುದು 5 ವೋಲ್ಟ್. ಇದನ್ನು ದಯವಿಟ್ಟು ನೆನಪಿಡಿ.

ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರನ್ನೇ ತಗೊಳ್ಳಿ. ಅದರ ಎಕೋ ಕಾಲು 5 ವೋಲ್ಟ್ ಕೊಡುತ್ತದೆ. ಎಕೋದಿಂದ 1 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 2 ಕಿಲೋಓಮ್ ರೆಸಿಸ್ಟರ್ ಹಾಕಿ. ಎರಡೂ ಸೇರುವ ಜಾಗದಲ್ಲಿ ಸುಮಾರು 3.3 ವೋಲ್ಟ್ ಸಿಗುತ್ತದೆ. ಅಲ್ಲಿಂದ ಒಂದು ವೈರನ್ನು ಪೈನ ಜಿಪಿಐಒ ಪಿನ್ನಿಗೆ ಕೊಡಿ.

ಏರಿಳಿಯುವ ವೋಲ್ಟೇಜ್ ಕೊಡುವ ಅನಲಾಗ್ ಸೆನ್ಸರ್ ಆದರೆ, ಅದನ್ನು ಅಂಕಿಗೆ ಬದಲಿಸುವ ಎಡಿಸಿ ಚಿಪ್ ಬೇರೆ ಬೇಕು. ಎಂಸಿಪಿ3008 ಸಾಕು, ಅದನ್ನು ಎಸ್‌ಪಿಐ ಪಿನ್ನುಗಳಿಗೆ ಜೋಡಿಸಬಹುದು.