ಪೋರ್ಟೊ ಸೇತುವೆ ನೋಡಲು ಖಾಸಗಿ ದೋಣಿ ಬೇಕಾ?

ವಯಸ್ಸಾದ ಅಪ್ಪ-ಅಮ್ಮನ ಜೊತೆ ಪೋರ್ಚುಗಲ್‌ನ ಪೋರ್ಟೊಗೆ ಹೋಗ್ತಿದ್ದೀನಿ, ಸೇತುವೆ ನೋಡಲು ಖಾಸಗಿ ದೋಣಿ ಬೇಕಾ ಅಂತ ಕೇಳಿದ್ದೀರಿ. ಖಂಡಿತ ಮಾಡಿಕೊಳ್ಳಿ. ದೊಡ್ಡ ದೋಣಿಗಳು ಅಲ್ಲಿನ ಡೌರೊ ನದಿಯ ಆರೂ ಸೇತುವೆ ತೋರಿಸಿ ಸುಮಾರು 50 ನಿಮಿಷದಲ್ಲಿ ವಾಪಸ್ ತಂದುಬಿಡುತ್ತವೆ. ನಿಮ್ಮದೇ ದೋಣಿಯಾದರೆ ಮಾರಿಯಾ ಪಿಯಾ ಸೇತುವೆ ಕೆಳಗೆ ನಿಧಾನ ಮಾಡಿಸಿ. 1877ರಲ್ಲಿ ಐಫೆಲ್ ಕಂಪನಿ ಕಟ್ಟಿದ ರೈಲು ಸೇತುವೆ ಅದು, 1991ರಿಂದ ರೈಲು ಓಡುತ್ತಿಲ್ಲ. ತಲೆಯೆತ್ತಿದರೆ ಕಬ್ಬಿಣದ ಪಟ್ಟಿಗಳು ಅಡ್ಡಡ್ಡ ಹೆಣೆದುಕೊಂಡು, ನಡುವೆ ಚೂರುಚೂರು ಆಕಾಶ. ದಡದಿಂದ ಈ ನೋಟ ಸಿಗಲ್ಲ! 1886ರ ಲೂಯಿಸ್ ಸೇತುವೆಗೆ ಎರಡು ಅಂತಸ್ತು, ಮೇಲೆ ಮೆಟ್ರೊ ಓಡುತ್ತದೆ. ಅದನ್ನು ನಡೆದೂ ನೋಡಬಹುದು. ಸಮುದ್ರದ ಕಡೆ ಹೋದಂತೆ ಗಾಳಿ ಜಾಸ್ತಿ, ಅಮ್ಮನಿಗೆ ಶಾಲು ಇರಲಿ. ದೋಣಿ ಹತ್ತುವಲ್ಲಿ ಮೆಟ್ಟಿಲು ಎಷ್ಟಿವೆ ಅಂತ ಬುಕ್ ಮಾಡುವ ಮೊದಲೇ ಕೇಳಿಕೊಳ್ಳಿ.