ಲೋಡಿಂಗ್ ಕೆಲಸ ಮತ್ತು ಸೊಂಟ

ಪ್ರಶ್ನೆ: ನಮ್ಮದು ರಾಯಚೂರು ಕಡೆ. ನೆಲಮಂಗಲ ಹತ್ತಿರ ಒಂದು ಪಾರ್ಸೆಲ್ ಗೋಡೌನಿನಲ್ಲಿ ಲಾರಿಗೆ ಲೋಡಿಂಗ್, ಅನ್‌ಲೋಡಿಂಗ್ ಮಾಡುತ್ತಿದ್ದೇನೆ. ಸೇರಿ ಹದಿನೈದು ದಿನ ಆಯ್ತು, ರಾತ್ರಿ ಪಾಳಿ. ಬೆಳಿಗ್ಗೆ ರೂಮಿಗೆ ಬಂದರೆ ಸೊಂಟ ಬಗ್ಗುವುದಿಲ್ಲ. ಬೆಲ್ಟ್ ಕಟ್ಟಿಕೋ ಅಂತಾರೆ ಜೊತೆಯವರು. ಸಂಬಳ 18,000, ಅದರಲ್ಲಿ ಇಎಸ್‌ಐ ಅಂತ ಹಿಡಿಯುತ್ತಾರೆ, ಕಾರ್ಡ್ ಮಾತ್ರ ಕೊಟ್ಟಿಲ್ಲ. ಬಿಟ್ಟುಬಿಡಲಾ?

ಉತ್ತರ: ಇಷ್ಟಕ್ಕೇ ಬಿಡಬೇಡಿ. ನಾನೂ ಮೂರು ವರ್ಷ ಇದೇ ಕೆಲಸ ಮಾಡಿದವನು, ಮೊದಲ ತಿಂಗಳು ಮೈಯೆಲ್ಲ ನೋಯುತ್ತಿತ್ತು, ಆಮೇಲೆ ಹಿಡಿತ ಸಿಕ್ಕಿತು. ಆದರೆ ನೋವು ಕಾಲಿಗೆ ಇಳಿದರೆ ಅಥವಾ ಪಾದ ಜೋಮು ಹಿಡಿದರೆ ಅದು ಬೇರೆ ಕಥೆ, ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಬೆಲ್ಟ್ ನಂಬಬೇಡಿ. ಅದರಿಂದ ಸೊಂಟದ ಪೆಟ್ಟು ತಪ್ಪುತ್ತದೆ ಅನ್ನೋದಕ್ಕೆ ಆಧಾರ ಸಾಲದು ಅಂತ ಕೆಲಸಗಾರರ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಯಾಶ್ 1994ರಲ್ಲೇ ಹೇಳಿದೆ. ಅದೇ ಸಂಸ್ಥೆಯ ಲೆಕ್ಕದಲ್ಲಿ ಎಲ್ಲ ಅನುಕೂಲ ಇದ್ದಾಗಲೂ, ಅಂದರೆ ಪೆಟ್ಟಿಗೆ ಹೊಟ್ಟೆಗೆ ಹತ್ತಿರ, ಸೊಂಟದ ಎತ್ತರದಲ್ಲಿ, ಮೈ ತಿರುಚದೆ, ಒಬ್ಬರು ಎತ್ತಬಹುದಾದ ಭಾರ 23 ಕೆ.ಜಿ. ಒಂದು 25 ಕೆ.ಜಿ. ಅಕ್ಕಿ ಮೂಟೆಗಿಂತ ಕಡಿಮೆ! ನೆಲದಿಂದ ಎತ್ತಿದರೆ ಇನ್ನೂ ಕಡಿಮೆ. ಹಾಗಾಗಿ ವಾಷಿಂಗ್ ಮಷೀನ್ ಬಂದರೆ ನಾಚಿಕೊಳ್ಳದೆ ಇನ್ನೊಬ್ಬರನ್ನು ಕೂಗಿ. ಸೊಂಟ ಕೆಡುವುದು ಹೆಚ್ಚಾಗಿ ಎತ್ತಿ ಹಾಗೇ ನಿಂತಲ್ಲಿಂದ ಮೈ ತಿರುಗಿಸಿ ಹಿಂದೆ ಇಡುವಾಗ. ಪಾದ ತಿರುಗಿಸಿ, ಸೊಂಟ ಅಲ್ಲ.

ಲೋಡ್ ಮಾಡುವಾಗ ಭಾರದ್ದು ಕೆಳಗೆ, ಇಟ್ಟಿಗೆ ಗೋಡೆ ಕಟ್ಟಿದ ಹಾಗೆ ಸಂದಿನ ಮೇಲೆ ಸಂದು ಬಾರದಂತೆ ಜೋಡಿಸಿ. ಅನ್‌ಲೋಡ್ ಮಾಡುವಾಗ ಬಾಗಿಲ ಎದುರು ನಿಲ್ಲಬೇಡಿ, ಪಕ್ಕಕ್ಕೆ ನಿಂತು ತೆಗೀರಿ. ಘಾಟಿ ಇಳಿದು ಬಂದ ಲಾರಿಯಲ್ಲಿ ಮಾಲು ಬಾಗಿಲಿಗೆ ಒರಗಿ ಕೂತಿರುತ್ತದೆ. ನನ್ನ ಎಡಗಾಲಿನ ಹೆಬ್ಬೆರಳ ಉಗುರು ಹೋಗಿದ್ದು ಹಾಗೇ.

ಇನ್ನು ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ವಿಮೆ. ನಿಮ್ಮ ಪಾಲು 0.75%, ಅಂದರೆ 135 ರೂಪಾಯಿ. ಹಿಡಿಯುತ್ತಾರೆ ಅಂದಮೇಲೆ ನಿಮಗೊಂದು ಐಪಿ ನಂಬರ್, ಅಂದರೆ ವಿಮೆದಾರನ ನಂಬರ್, ಇರಲೇಬೇಕು, ಕಾರ್ಡಿಗೆ ಕಾಯದೆ ಮೇಸ್ತ್ರಿಯ ಹತ್ತಿರ ಮೊದಲು ಆ ನಂಬರ್ ಕೇಳಿ. ಕಾಯಿಲೆ ರಜೆಯ ದುಡ್ಡಿಗೆ 78 ದಿನದ ವಂತಿಗೆ ಬೇಕು. ಆದರೆ ಕೆಲಸದಲ್ಲೇ ಪೆಟ್ಟಾದರೆ ಆ ಲೆಕ್ಕ ಇಲ್ಲ, ಸೇರಿದ ಮೊದಲ ದಿನದಿಂದಲೇ ಹಕ್ಕು, ಸಂಬಳದ 90% ಸಿಗುತ್ತದೆ. ಅದಕ್ಕೇ ಚಿಕ್ಕ ಪೆಟ್ಟಾದರೂ ಅಪಘಾತದ ಪುಸ್ತಕದಲ್ಲಿ ಬರೆಸಿ. ಬರೆಸದಿದ್ದರೆ ಆಮೇಲೆ "ರೂಮಲ್ಲಿ ಬಿದ್ದಿರ್ತಾನೆ" ಅಂದುಬಿಡುತ್ತಾರೆ, ಕೇಳಿದ್ದೇನೆ.

ಪ್ರಶ್ನೆ: ಈ ಕೆಲಸದಲ್ಲಿ ಮುಂದೆ ಬರೋಕಾಗುತ್ತಾ ಸರ್, ಅಥವಾ ಸಾಯೋವರೆಗೂ ಪೆಟ್ಟಿಗೆ ಹೊರೋದೇನಾ?

ಉತ್ತರ: ಬರಬಹುದು. ಪಿನ್‌ಕೋಡಿನ ಮೊದಲ ಮೂರು ಅಂಕಿ ಬಾಯಿಪಾಠ ಮಾಡಿ. 560 ಬೆಂಗಳೂರು, 570 ಮೈಸೂರು, 575 ಮಂಗಳೂರು, 580 ಹುಬ್ಬಳ್ಳಿ-ಧಾರವಾಡ, 590 ಬೆಳಗಾವಿ. ಸ್ಕ್ಯಾನರ್ ಕೆಟ್ಟ ರಾತ್ರಿ ಇದು ಗೊತ್ತಿರುವವನನ್ನೇ ಸೂಪರ್‌ವೈಸರ್ ಹುಡುಕುತ್ತಾನೆ. ನನ್ನನ್ನು ಸಾರ್ಟಿಂಗ್‌ಗೆ, ಅಂದರೆ ಪಾರ್ಸೆಲ್ ಊರುವಾರು ಬೇರ್ಪಡಿಸುವ ಕೆಲಸಕ್ಕೆ, ಹಾಕಿದ್ದು ಹಾಗೇ.