ಆರು ವರ್ಷದ ಮಗನಿಗೆ ಎಲ್ಲವೂ ತನಗೇ ಬೇಕು. ದುರಾಸೆ ಬಿಡಿಸಲು ಯಾವ ಕಥೆ ಹೇಳಲಿ?

ಚಿನ್ನದ ಮೊಟ್ಟೆಯ ಕೋಳಿನಾ, ಮುಟ್ಟಿದ್ದೆಲ್ಲ ಚಿನ್ನವಾಗುವ ಮಿಡಾಸ್ ರಾಜನಾ ಅಂತ ಕೇಳಿದ್ದೀರಿ. ಮಗ ತಂಗಿಯ ಪಾಲಿನ ಬಿಸ್ಕತ್ತನ್ನೂ ಕಿತ್ತುಕೊಂಡು ತಿನ್ನುತ್ತಾನೆ ಅಂತ ಬರೆದಿದ್ದೀರಿ. ಓದಿ ಎದೆ ಧಸಕ್ ಅಂತು. ಏಳೆಂಟು ವರ್ಷದ ಹಿಂದೆ ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಓಡಾಡಿದವನು ನಾನು. ಉತ್ತರ ಬೇಗ ಸಿಕ್ಕಿಬಿಟ್ಟಿತು. ತೊಂದರೆ ಆಗಿದ್ದೇ ಅದರಿಂದ.

ನಮ್ಮದು ದಾವಣಗೆರೆ. ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮಗಳಿಗೆ ಆಗ ಏಳು ವರ್ಷ, ಎರಡನೇ ಕ್ಲಾಸು. ಏನು ಕೊಡಿಸಿದರೂ ‘ಇನ್ನೊಂದು’. ಒಂದು ಭಾನುವಾರ ಅಣ್ಣನ ಮನೆಯವರ ಜೊತೆ ಬೆಣ್ಣೆ ದೋಸೆಗೆ ಹೋಗಿದ್ದೆವು. ಒಂದು ದೋಸೆ ತಿಂದಳು. ಇನ್ನೊಂದು ಬೇಕೇ ಬೇಕು ಅಂತ ಹಟ ಹಿಡಿದಳು. ಬಂದ ಮೇಲೆ ಎರಡು ತುತ್ತು ತಿಂದು, ಮೇಲಿನ ಬೆಣ್ಣೆ ಬೆರಳಲ್ಲಿ ನೆಕ್ಕಿ, ತಟ್ಟೆ ದೂಡಿದಳು. ಅತ್ತಿಗೆ ಏನೂ ಅನ್ನಲಿಲ್ಲ. ಸುಮ್ನೆ ನನ್ನ ಹೆಂಡತಿಯ ಮುಖ ನೋಡಿದರು ಅಷ್ಟೇ. ಅದು ಚುಚ್ಚಿತು ನೋಡಿ, ಬಿಸಿ ಕಾವಲಿ ಮುಟ್ಟಿದ ಹಾಗಾಯಿತು.

ಅವತ್ತು ರಾತ್ರಿ ಅಣ್ಣನ ಮನೆಯಲ್ಲೇ ಉಳಿದೆವು. ಕರೆಂಟ್ ಹೋಗಿತ್ತು. ಮಕ್ಕಳೆಲ್ಲ ಚಾಪೆ ಮೇಲೆ ಉರುಳಾಡುತ್ತಿದ್ದರು. ಕಥೆ ಹೇಳೋಕೆ ಇದಕ್ಕಿಂತ ಒಳ್ಳೆ ಹೊತ್ತು ಸಿಗಲ್ಲ ಅಂತ ಶುರು ಮಾಡಿದೆ. ಒಬ್ಬ ರೈತ, ಒಂದು ಕೋಳಿ, ದಿನಕ್ಕೊಂದು ಚಿನ್ನದ ಮೊಟ್ಟೆ. ದಿನಾ ಕಾಯೋದು ಯಾಕೆ, ಒಳಗಿರೋದೆಲ್ಲ ಒಂದೇ ಸಲ ತೆಗೆದುಬಿಡೋಣ ಅಂತ ರೈತ ಕೋಳಿ ಕೊಯ್ದ. ನೋಡಿದರೆ ಹೊಟ್ಟೆ ಖಾಲಿ.

ಮಗಳು ಎದ್ದು ಕೂತಳು. “ಅಪ್ಪಾಜಿ, ಖಾಲಿ ಇರಲ್ಲ. ಅಜ್ಜಿ ಊರಲ್ಲಿ ಕೋಳಿ ಕೊಯ್ದಾಗ ಒಳಗೆ ದ್ರಾಕ್ಷಿ ಗೊನೆ ಥರ ಹಳದಿ ಹಳದಿ ಇತ್ತು. ಸಣ್ಣವು, ದೊಡ್ಡವು.”

ಅವಳು ಹೇಳಿದ್ದು ನಿಜ. ಮೊಟ್ಟೆ ಇಡುವ ಕೋಳಿಯ ಒಳಗೆ ಮುಂದಿನ ಮೊಟ್ಟೆಗಳ ಹಳದಿ ಭಂಡಾರಗಳು ಗೊಂಚಲಾಗಿ ಇರುತ್ತವೆ. ಒಂದಕ್ಕೆ ಬಿಳಿ ಸುತ್ತಿಕೊಂಡು, ಚಿಪ್ಪು ಕಟ್ಟಿ, ಹೊರಗೆ ಬರಲು ಸುಮಾರು 25 ಗಂಟೆ ಬೇಕು. ಅವಸರ ಮಾಡಿದವನಿಗೆ ಸಿಗುವುದು ಅರೆಬೆಂದ ಕೆಲಸ. ‘ಹೌದಲ್ವಾ, ಮತ್ತೆ ಆ ಹಳದಿ ಮೊಟ್ಟೆ ಆಗೋದು ಹೆಂಗೆ?’ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ‘ಕಾಯಬೇಕು’ ಅಂತ ಅವಳೇ ಹೇಳುತ್ತಿದ್ದಳು. ಕಥೆಯ ತಿರುಳು ಅವಳ ಕೈಯಲ್ಲೇ ಇತ್ತು, ನನ್ನ ಕೈಯಲ್ಲಿ ಇರಲಿಲ್ಲ.

ನಾನು ಏನು ಮಾಡಿದೆ? “ತಲೆಹರಟೆ ಬೇಡ, ಕೇಳು” ಅಂದೆ. ಆಮೇಲೆ ಕತ್ತಲಲ್ಲಿ, ಎಲ್ಲರ ಮುಂದೆ, ಕಥೆಗೆ ನಂದೇ ಒಂದು ಬಾಲ ಸೇರಿಸಿದೆ.

“ನೀನೂ ಅವನ ಥರಾನೇ ಆಸೆಬುರುಕಿ.”

ನಾಲ್ಕೇ ಪದ. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ. ಯಾಕೆಂದರೆ ಕಥೆ ತಪ್ಪಲ್ಲ, ಹೊತ್ತು ತಪ್ಪಲ್ಲ, ಈ ಬಾಲ ತಪ್ಪು. ‘ಹೊಟ್ಟೆ ಖಾಲಿ’ ಅಂತ ಹೇಳಿ ಬಾಯಿ ಮುಚ್ಚಿದ್ದರೆ ಅವಳು ಆ ರೈತನನ್ನು ದೂರದಿಂದ ನೋಡಿ ನಗುತ್ತಿದ್ದಳು. ನಗುತ್ತಾ ನಗುತ್ತಾ ಎಲ್ಲೋ ಒಂದು ಕಡೆ ತನ್ನನ್ನೂ ಕಾಣುತ್ತಿದ್ದಳೇನೋ. ಹಳೆಯ ಕಥೆಗಳು ಬೇರೆ ಯಾರದೋ ಕಥೆ ಆಗಿರೋದೇ ಅದಕ್ಕೆ. ಕೇಳುವವರಿಗೆ ಅವಮಾನ ಆಗಬಾರದು ಅಂತ. ನಾನು ಅವಳ ಕೊರಳಿಗೆ ಬೋರ್ಡು ಕಟ್ಟಿದೆ. ಅದನ್ನೂ ಯಾಕೆ ಕಟ್ಟಿದೆ? ಅವಳು ಕಲಿಯಲಿ ಅಂತ ಅಲ್ಲ. ಅತ್ತಿಗೆಗೆ ಕೇಳಿಸಲಿ ಅಂತ. ‘ನೋಡಿ, ನಾವೇನು ಮಗುವನ್ನು ಸುಮ್ನೆ ಬಿಟ್ಟಿಲ್ಲ’ ಅಂತ ತೋರಿಸಿಕೊಳ್ಳಲು ಏಳು ವರ್ಷದ ಹುಡುಗಿಯನ್ನು ಬಳಸಿಕೊಂಡೆ. ಇದು ನನಗೆ ಹೊಳೆಯೋಕೆ ವರ್ಷಗಳೇ ಹಿಡಿದವು.

ಅಣ್ಣನ ಮಗ ಬೆಳಗ್ಗೆಯಿಂದಲೇ ಶುರು ಮಾಡಿದ. “ಕೋಳಿ ಕೊಯ್ದೋಳು, ಕೋಳಿ ಕೊಯ್ದೋಳು.” ಅವಳು ಎರಡನೇ ಚಪಾತಿಗೆ ಕೈ ಹಾಕಿದರೂ ಅದೇ. ನಾವು ನಕ್ಕೆವು. ನಾನೂ ನಕ್ಕೆ.

ಒಂದೆರಡು ತಿಂಗಳಲ್ಲಿ ಮಗಳು ಬದಲಾದಳು. ಕೇಳೋದೇ ಬಿಟ್ಟಳು. ಅಂಗಡಿ ಮುಂದೆ ಹಟ ಇಲ್ಲ, ದೋಸೆ ಒಂದಕ್ಕೇ ಸಾಕು. ಆ ಸಲ ದುಗ್ಗಮ್ಮನ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಊರಿಗೆ ಊರೇ ನೆಂಟರಿಂದ ತುಂಬಿರುತ್ತೆ. ಬಳೆ ಅಂಗಡಿ, ತೊಟ್ಟಿಲು, ಬೆಂಡು ಬತ್ತಾಸು, ಮಂಡಕ್ಕಿ ಮಿರ್ಚಿ, ಯಾವುದನ್ನೂ ಅವಳು ಕೇಳಲಿಲ್ಲ. ಅತ್ತಿಗೆ “ಎಷ್ಟು ಜಾಣೆ ಆಗಿದ್ದಾಳೆ” ಅಂದರು. ನನಗೆ ಹೆಮ್ಮೆ. ಒಂದು ಕಥೆಯಿಂದ ಇಷ್ಟೆಲ್ಲ ಆಯಿತಲ್ಲ ಅಂತ ಅಂಗಡಿಯಲ್ಲಿ ಜೊತೆಗಿದ್ದವರಿಗೆ ಹೇಳಿಕೊಂಡಿದ್ದೂ ಉಂಟು.

ಬರುವಾಗ ಕಾಲು ಎಳೆಯುತ್ತಿದ್ದಳು. ಸುಸ್ತಾಗಿರಬೇಕು ಅಂದುಕೊಂಡೆ. ಮನೆಗೆ ಬಂದು ಕಾಲು ತೊಳೆಸುವಾಗ ನನ್ನ ಹೆಂಡತಿ “ಇಲ್ಲಿ ಬನ್ನಿ” ಅಂತ ಕೂಗಿದಳು. ಎರಡೂ ಹೆಬ್ಬೆರಳ ಉಗುರು ಕಪ್ಪಗಾಗಿದ್ದವು. ಹಿಮ್ಮಡಿಯಲ್ಲಿ ಬೊಬ್ಬೆ ಒಡೆದು ಸಾಕ್ಸಿಗೆ ಅಂಟಿಕೊಂಡಿತ್ತು. ಚಪ್ಪಲಿ ಯಾವತ್ತೋ ಕಿತ್ತುಹೋಗಿತ್ತಂತೆ, ಜಾತ್ರೆಗೂ ಸ್ಕೂಲ್ ಶೂನಲ್ಲೇ ಬಂದಿದ್ದಳು. ಆ ಶೂ ಒಂದು ಸೈಜು ಸಣ್ಣದಾಗಿ ಎಷ್ಟು ದಿನ ಆಗಿತ್ತು ಗೊತ್ತಾ?

“ಡಿಸೆಂಬರಿಂದ.”

“ಹೇಳೋದಲ್ವಾ ಪುಟ್ಟಿ?”

“ಜೂನಲ್ಲಿ ತಾನೆ ಕೊಡಿಸಿದ್ರಿ. ಮತ್ತೆ ಕೇಳಿದ್ರೆ ಆಸೆಬುರುಕಿ ಅಂತೀರಲ್ಲ.”

ಅಳುತ್ತಾ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಲೆಕ್ಕ ಒಪ್ಪಿಸುವ ಹಾಗೆ ಹೇಳಿದಳು. ನಾನು ಅಲ್ಲೇ ಬಚ್ಚಲ ಹೊಸ್ತಿಲ ಮೇಲೆ ಕೂತೆ.

ಇದರ ಜೊತೆಗೆ ಇನ್ನೊಂದು ವಿಷಯ. ಜಗಳೂರು ಕಡೆ ನಮ್ಮ ಊರಲ್ಲಿ ಎರಡೂವರೆ ಎಕರೆ ಹೊಲ ಇದೆ, ಮೆಕ್ಕೆಜೋಳ ಹಾಕುತ್ತೇವೆ. ಆ ವರ್ಷ 40 ಚೀಲ ಬಂದಿತ್ತು. ದಿನಾ ರೇಟು ಬರೆಯುವ ಕೈ ನಂದು. ಕ್ವಿಂಟಲ್‌ಗೆ ನೂರು ಏರಲಿ ಅಂತ ಕಾದೆ, ಏರಿತು. ಇನ್ನೊಂದು ನೂರು ಅಂದೆ. ಸರಿಯಾಗಿ ಒಣಗಿಸಿರಲಿಲ್ಲ. ತೇವ ಶೇ 14ಕ್ಕಿಂತ ಜಾಸ್ತಿ ಇದ್ದರೆ ಚೀಲ ಒಳಗೊಳಗೇ ಕಾಯುತ್ತೆ ಅಂತ ದಿನಾ ರೈತರಿಗೆ ಹೇಳುವವನೂ ನಾನೇ. ಒಂದು ದಿನ ಅಟ್ಟಿಯ ನಡುವಿನ ಚೀಲಕ್ಕೆ ಕೈ ತೂರಿಸಿದರೆ ಬಿಸಿ. ಮುಗ್ಗು ವಾಸನೆ, ಬೂಷ್ಟು, ಹುಳ. ನಮ್ಮ ಮೆಕ್ಕೆಜೋಳ ಹೆಚ್ಚಿಗೆ ಹೋಗೋದೇ ಕೋಳಿ ಫೀಡಿಗೆ. ಬೂಷ್ಟು ಹಿಡಿದ ಕಾಳಲ್ಲಿ ವಿಷ ಇರುತ್ತೆ ಅಂತ ಅವರೂ ಬೇಡ ಅಂದರು. ಸಿಕ್ಕಷ್ಟಕ್ಕೆ ಕೊಟ್ಟು ಕೈ ತೊಳೆದುಕೊಂಡೆ. ಇದೆಲ್ಲ ಆಗಿದ್ದು ಆ ಜಾತ್ರೆಗೆ ಒಂದು ತಿಂಗಳು ಮುಂಚೆ. ಮನೆಯಲ್ಲಿ ‘ರೇಟು ಬಿತ್ತು’ ಅಂತ ಸುಳ್ಳು ಹೇಳಿದ್ದೆ.

ಶೂ ತಂದ ದಿನ ರಾತ್ರಿ ಮಗಳಿಗೆ ಈ ಕಥೆ ಹೇಳಿದೆ. ಕಥೆ ಅಂತ ಹೇಳಲಿಲ್ಲ, ಆಗಿದ್ದನ್ನು ಆಗಿದ್ದ ಹಾಗೆ ಹೇಳಿದೆ. ಸುಳ್ಳು ಹೇಳಿದ್ದೂ ಸೇರಿ. ಅವಳು ಗಂಟೆಗಟ್ಟಲೆ ಪ್ರಶ್ನೆ ಕೇಳಿದಳು. ಎಷ್ಟು ಚೀಲ, ಯಾವ ಚೀಲ ಮೊದಲು ಕೆಟ್ಟಿತು, ಹುಳಕ್ಕೆ ಕಾಲಿರುತ್ತಾ. “ಕೋಳಿನೂ ತಿನ್ನಲ್ಲ ಅಂತಾ?” ಅಂತ ಕೇಳಿ ಬಿದ್ದು ಬಿದ್ದು ನಕ್ಕಳು. ಎಷ್ಟೋ ತಿಂಗಳ ಮೇಲೆ ಹಾಗೆ ನಕ್ಕಿದ್ದು. ಹಂಗಂತ ಎಲ್ಲ ಸರಿ ಹೋಯಿತು ಅಂದುಕೊಳ್ಳಬೇಡಿ. ಈಗ ಹತ್ತನೇ ಕ್ಲಾಸು. ಈಗಲೂ ಏನು ಬೇಕು ಅಂದರೆ ಮೊದಲ ಮಾತು ‘ಏನೂ ಬೇಡ’. ಎರಡು ಸಲ ಕೇಳಬೇಕು. ಮೂರನೇ ಸಲ ಕೇಳಿದರೆ ಕಣ್ಣು ಕೆಳಗೆ ಹಾಕಿ ಹೇಳುತ್ತಾಳೆ. ನನ್ನ ನಾಲ್ಕು ಪದಕ್ಕೆ ಬಿದ್ದ ಬಡ್ಡಿ ಇದು.

ಈಗ ನಿಮ್ಮ ಪ್ರಶ್ನೆ. ನನ್ನ ಕೇಳಿದರೆ ಪ್ರಶ್ನೆಯೇ ಸರಿ ಇಲ್ಲ. ಆರು ವರ್ಷದ ಹುಡುಗ ಎರಡು ಬಿಸ್ಕತ್ತು ಜಾಸ್ತಿ ತಿಂದರೆ ಅದು ದುರಾಸೆ ಅಲ್ಲ. ಆ ರೈತನ ಹತ್ತಿರ ಕೋಳಿ ಇತ್ತು. ದಿನಾ ಮೊಟ್ಟೆ ಸಿಗುತ್ತೆ ಅಂತ ಗ್ಯಾರಂಟಿ ಇತ್ತು. ಇದ್ದೂ ಕೊಯ್ದ, ಅದು ದುರಾಸೆ. ನಿಮ್ಮ ಮಗನ ಹತ್ತಿರ ಕೋಳಿ ಎಲ್ಲಿದೆ? ಕೋಳಿ, ಕಪಾಟಿನ ಕೀಲಿ, ಡಬ್ಬಿಯ ಮುಚ್ಚಳ ಎಲ್ಲ ನಮ್ಮ ಕೈಯಲ್ಲಿ. ಅವನಿಗಿರೋದು ಕೇಳುವ ಬಾಯಿ ಒಂದೇ.

ಇದು ನಾನು ಕಟ್ಟಿದ್ದಲ್ಲ, ಹಳೆಯ ಕಥೆಗಳಲ್ಲೇ ಇದೆ. ಜಾತಕ ಕಥೆಗಳಲ್ಲಿ ಒಂದು ಚಿನ್ನದ ಹಂಸ ಬರುತ್ತೆ. ಹೋದ ಜನ್ಮದಲ್ಲಿ ಆ ಮನೆಯ ಯಜಮಾನ ಅದು. ಬಡತನದಲ್ಲಿದ್ದ ಹೆಂಡತಿ ಮಕ್ಕಳಿಗೆ ಆಗಾಗ ಬಂದು ಒಂದೊಂದು ಚಿನ್ನದ ಗರಿ ಕೊಟ್ಟು ಹೋಗುತ್ತೆ. ಎಲ್ಲ ಗರಿ ಒಂದೇ ಸಲ ಕಿತ್ತುಬಿಡೋಣ ಅನ್ನೋದು ಯಾರು ಗೊತ್ತಾ? ತಾಯಿ. ಅದಕ್ಕೆ ನೋವಾಗುತ್ತೆ, ಬೇಡ ಅನ್ನೋದು ಹೆಣ್ಣುಮಕ್ಕಳು. ತಾಯಿ ಕೇಳದೆ ಕಿತ್ತಳು, ಕಿತ್ತ ಗರಿಯೆಲ್ಲ ಕೊಕ್ಕರೆಯ ಗರಿಯ ಹಾಗೆ ಬೆಳ್ಳಗಾದವು. ಹಂಸ ಮತ್ತೆ ಗರಿ ಮೂಡಿದ ಮೇಲೆ ಹಾರಿಹೋಯಿತು, ತಿರುಗಿ ಬರಲಿಲ್ಲ. ಹೇಳಲೇಬೇಕು ಅಂದರೆ ಇದನ್ನು ಹೇಳಿ. ಇದರಲ್ಲಿ ಮಕ್ಕಳಿಗೆ ಬುದ್ಧಿ ಇದೆ.

ಮಿಡಾಸ್ ಬೇಡ ಅಂತ ನನ್ನ ಅಭಿಪ್ರಾಯ. ಮಗಳು ಚಿನ್ನದ ಗೊಂಬೆ ಆಗುವ ಭಾಗ ಕೇಳಿ ನನ್ನ ತಂಗಿಯ ಮಗ ಎರಡು ದಿನ ಅಪ್ಪನ ಕೈ ಹಿಡಿಯಲಿಲ್ಲ. ತಮಾಷೆ ಅಂದರೆ ರೋಮ್‌ನ ಕವಿ ಓವಿಡ್ ಬರೆದ ಹಳೆಯ ಕಥೆಯಲ್ಲಿ ಮಗಳೇ ಇಲ್ಲ. ಅಲ್ಲಿ ಅನ್ನ ನೀರು ಚಿನ್ನವಾಗಿ ರಾಜ ಉಪವಾಸ ಬೀಳುತ್ತಾನೆ, ನದಿಯಲ್ಲಿ ಮುಳುಗಿ ಶಾಪ ಕಳೆದುಕೊಳ್ಳುತ್ತಾನೆ. ಮಗಳ ಭಾಗ ಹೆಸರಾಗಿದ್ದು 19ನೇ ಶತಮಾನದಲ್ಲಿ ಅಮೆರಿಕದ ಲೇಖಕ ಹಾಥಾರ್ನ್ ಮಕ್ಕಳಿಗೆ ಅಂತ ಬರೆದ ಮೇಲೆ. ಪಂಚತಂತ್ರದಲ್ಲಿ ಹುತ್ತದ ಹಾವು ದಿನಾ ಚಿನ್ನದ ನಾಣ್ಯ ಕೊಡುವ ಕಥೆಯೂ ಇದೆ. ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆಯುವುದು ನೋಡಿದ ಮಗುವಿಗೆ ಅದು ತಕ್ಷಣ ಹಿಡಿಸುತ್ತೆ. ಆದರೆ ಕೊನೆಗೆ ಮಗ ಸಾಯುತ್ತಾನೆ. ಮಲಗುವ ಹೊತ್ತಿಗೆ ಬೇಡ.

ಕಿತ್ತುಕೊಂಡು ತಿನ್ನುವ ವಿಷಯಕ್ಕೆ ಒಂದು ಮಾತು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು 28 ಪುಟ್ಟ ಮಕ್ಕಳನ್ನು ಕೂರಿಸಿಕೊಂಡು ನೋಡಿದರು. ಒಳ್ಳೆ ಬಣ್ಣದ ಕಡ್ಡಿ ತರ್ತೀನಿ ಅಂತ ಹೇಳಿ ಅರ್ಧ ಮಕ್ಕಳಿಗೆ ತಂದುಕೊಟ್ಟರು, ಇನ್ನರ್ಧಕ್ಕೆ ‘ಸಾರಿ, ಇಲ್ಲ’ ಅಂದರು. ಆಮೇಲೆ ಒಂದು ಮಿಠಾಯಿ ಮುಂದಿಟ್ಟು, ತಿನ್ನದೆ ಕಾದರೆ ಎರಡು ಸಿಗುತ್ತೆ ಅಂದರು. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದವು. ಮಾತು ತಪ್ಪಿದವರ ಮುಂದೆ 3 ನಿಮಿಷ. ‘ನಾಳೆ ಕೊಡಿಸ್ತೀನಿ’ ಅಂತ ನಾನು ಎಷ್ಟು ಸಲ ಹೇಳಿದ್ದೆ, ಎಷ್ಟು ಸಲ ಕೊಡಿಸಿದ್ದೆ ಅಂತ ಎಣಿಸೋಕೆ ಹೋಗಿ ನಿಲ್ಲಿಸಿದೆ.

ಬಿಸ್ಕತ್ತಿಗೆ ಕಥೆ ಬೇಕಿಲ್ಲ. ಒಬ್ಬರು ಪಾಲು ಮಾಡಲಿ, ಇನ್ನೊಬ್ಬರು ಮೊದಲು ಆರಿಸಿಕೊಳ್ಳಲಿ. ಮಗ ಹೇಗೆ ಗೆರೆ ಎಳೆದು ಪಾಲು ಮಾಡುತ್ತಾನೆ ನೋಡಿ, ನಮ್ಮ ಅಂಗಡಿಯ ತಕ್ಕಡಿಗಿಂತ ಸರಿ ಇರುತ್ತೆ. ಕಥೆ ಬೇಕೇ ಬೇಕು ಅಂದರೆ ನಿಮ್ಮದೇ ದುರಾಸೆಯ ಕಥೆ ಹೇಳಿ. ಇಲ್ಲ ಅನ್ನಬೇಡಿ, ಇದ್ದೇ ಇರುತ್ತೆ. ಚೀಟಿ ದುಡ್ಡೋ, ಸೈಟೋ, ಮತ್ತೇನೋ. ಹೇಳಿ ಮುಗಿದ ಮೇಲೆ ನೀತಿ ಸೇರಿಸಬೇಡಿ. ಮತ್ತೆ ಈ ವಾರ ಅವನ ಶೂ ತುದಿ ಒಮ್ಮೆ ಹೆಬ್ಬೆರಳಲ್ಲಿ ಒತ್ತಿ ನೋಡಿ, ಅವನು ಕೇಳದಿದ್ದರೂ.

ಹಾಕುವ ಮುಂಚೆ ಮಗಳಿಗೆ ಇದನ್ನು ಓದೋಕೆ ಕೊಟ್ಟೆ. ಪೂರ್ತಿ ಓದಿದಳು. “40 ಅಲ್ಲ ಅಪ್ಪಾಜಿ, 38 ಚೀಲ. ಎರಡು ದೊಡ್ಡಪ್ಪಂಗೆ ಮೊದಲೇ ಕೊಟ್ಟಿದ್ರಿ” ಅಂದಳು.

ಸರಿ, 38.